ತಪ್ಪು ಉತ್ತರ ಕಟ್ಟುವ ಕಲೆ

ದೊಡ್ಡ ಲಾರಿಯೊಂದು ಪುಟ್ಟ ಕಾರಿಗೆ ಮುಖಾಮುಖಿ ಡಿಕ್ಕಿ ಹೊಡೆಯುತ್ತದೆ. ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕಿತು? ನ್ಯೂಟನ್ನನ ಮೂರನೆಯ ನಿಯಮವನ್ನು ಕಂಠಪಾಠ ಒಪ್ಪಿಸಬಲ್ಲವರು, ಲೆಕ್ಕಗಳನ್ನು ಚಕಚಕನೆ ಬಿಡಿಸಬಲ್ಲವರು ಕೂಡ ಲಾರಿಯ ಕಡೆಗೇ ಕೈ ತೋರಿಸುತ್ತಾರೆ. ನಿಜವೆಂದರೆ ಎರಡೂ ಬಲಗಳು ಸಮ. ಹಗುರವಾದ ಕಾರಿನ ವೇಗ ಅಷ್ಟೇ ಬಲಕ್ಕೆ ಹೆಚ್ಚು ಬದಲಾಗುತ್ತದೆ, ಅಷ್ಟೆ.

ಇಂಥ ಪ್ರಶ್ನೆಗಳ ಕಟ್ಟೊಂದನ್ನು ಅಮೆರಿಕದ ಡೇವಿಡ್ ಹೆಸ್ಟೆನಿಸ್, ಮಾಲ್ಕಮ್ ವೆಲ್ಸ್ ಮತ್ತು ಗ್ರೆಗ್ ಸ್ವಾಕ್‌ಹ್ಯಾಮರ್ 1992ರಲ್ಲಿ ಪ್ರಕಟಿಸಿದರು. ಹೆಸರು ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ. ಪ್ರಶ್ನೆಗೆ ಐದು ಆಯ್ಕೆ. ಸೂತ್ರವಿಲ್ಲ, ಲೆಕ್ಕವಿಲ್ಲ, ದಿನಬಳಕೆಯ ಮಾತು.

ಅದರ ಕುಶಲತೆ ಇರುವುದು ತಪ್ಪು ಆಯ್ಕೆಗಳಲ್ಲಿ. ಹೆಸ್ಟೆನಿಸ್ ಮತ್ತು ಇಬ್ರಾಹಿಂ ಹಲೂನ್ 1985ರಲ್ಲಿ ಪ್ರಕಟಿಸಿದ ಪರೀಕ್ಷೆಯೇ ಇದಕ್ಕೆ ತಳಪಾಯ. ಅವರು ಮೊದಲು ಆಯ್ಕೆಗಳನ್ನೇ ಕೊಡದೆ, ವಿದ್ಯಾರ್ಥಿಗಳಿಂದ ಅವರದೇ ಮಾತಿನಲ್ಲಿ ಉತ್ತರ ಬರೆಸಿದರು. ಮತ್ತೆ ಮತ್ತೆ ಕಾಣಿಸಿಕೊಂಡ ತಪ್ಪುಗಳನ್ನು ಹೆಕ್ಕಿ ಆಯ್ಕೆಗಳಾಗಿ ಜೋಡಿಸಿದರು. ಕೆಲವರನ್ನು ಕೂರಿಸಿಕೊಂಡು, ಗುರುತು ಹಾಕಿದ್ದರ ಹಿಂದಿನ ಯೋಚನೆ ಏನೆಂದೂ ಕೇಳಿದರು. ಹಾಗಾಗಿ ಇಲ್ಲಿನ ಪ್ರತಿ ತಪ್ಪು ಉತ್ತರದ ಹಿಂದೆ ಒಂದು ನಂಬಿಕೆಯಿದೆ. ಮೇಲಕ್ಕೆಸೆದ ಚೆಂಡಿನೊಳಗೆ ಕೈ ಕೊಟ್ಟ ಬಲ ಉಳಿದಿದ್ದು, ಏರುತ್ತ ಏರುತ್ತ ಸವೆಯುತ್ತದೆ ಎಂಬುದು ಅಂಥದೊಂದು. ಮಧ್ಯಯುಗದ ಪಂಡಿತರೂ ಹೆಚ್ಚುಕಡಿಮೆ ಹಾಗೆಯೇ ತರ್ಕಿಸಿದ್ದರು! ಮಕ್ಕಳ ತಪ್ಪನ್ನು ಇಷ್ಟು ಗೌರವದಿಂದ ಆಲಿಸಿದ ಪರೀಕ್ಷೆಗಳು ವಿರಳ.

ಹಾರ್ವರ್ಡ್‌ನ ಎರಿಕ್ ಮಜೂರ್ ಈ ಬಗೆಯ ಪ್ರಶ್ನೆಗಳನ್ನು ತಮ್ಮ ತರಗತಿಗೆ ಕೊಟ್ಟು, ಫಲಿತಾಂಶ ಕಂಡು ದಂಗಾದರು. ಉಪನ್ಯಾಸದ ಧಾಟಿಯನ್ನೇ ಬದಲಿಸಿದರು. ಹೊಸ ಧಾಟಿಯಲ್ಲಿ ಅವರು ಪ್ರಶ್ನೆ ಹಾಕಿದರೆ, ವಿದ್ಯಾರ್ಥಿಗಳು ಪ್ರತಿಯೊಬ್ಬರೂ ತಾವೇ ಯೋಚಿಸಿ ಉತ್ತರ ಆರಿಸುತ್ತಿದ್ದರು, ಪಕ್ಕದವರೊಡನೆ ವಾದಿಸುತ್ತಿದ್ದರು, ಮತ್ತೆ ಆರಿಸುತ್ತಿದ್ದರು.

ಇಂಥ ಪಾಠದಿಂದ ಲಾಭವಿದೆಯೇ? ಭೌತಶಾಸ್ತ್ರಜ್ಞ ರಿಚರ್ಡ್ ಹೇಕ್ 1998ರಲ್ಲಿ, 62 ಕೋರ್ಸ್‌ಗಳ ಸುಮಾರು 6,500 ವಿದ್ಯಾರ್ಥಿಗಳು ಈ ಬಗೆಯ ಪರೀಕ್ಷೆಗಳಲ್ಲಿ ಪಡೆದ ಅಂಕಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಕೋರ್ಸಿನ ಆರಂಭದಲ್ಲಿ ತಿಳಿಯದೇ ಇದ್ದುದರಲ್ಲಿ, ಹೆಚ್ಚಾಗಿ ಉಪನ್ಯಾಸವನ್ನೇ ಕೇಳಿದ ತರಗತಿಗಳು ಸರಾಸರಿ ಶೇ. 23ರಷ್ಟು ಗಳಿಸಿದ್ದವು, ಚರ್ಚೆ, ಚಟುವಟಿಕೆಗಳಲ್ಲಿ ತೊಡಗಿದವು ಶೇ. 48ರಷ್ಟು.

ಪ್ರಶ್ನೆಪತ್ರಿಕೆ ತಯಾರಿಸುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಮುಂದಿನ ಸಲ ನಾಲ್ಕು ಆಯ್ಕೆ ಬರೆಯುವ ಮೊದಲು, ಅದೇ ಪ್ರಶ್ನೆಯನ್ನು ಆಯ್ಕೆಗಳಿಲ್ಲದೆ ಒಂದು ತರಗತಿಗೆ ಕೊಡಿ. ಮಕ್ಕಳು ಬರೆದದ್ದನ್ನು ಕೆಂಪು ಶಾಯಿ ಸೋಕಿಸದೆ ಓದಿ. ನಿಮಗೆ ಬೇಕಾದ ತಪ್ಪು ಉತ್ತರಗಳು ಅಲ್ಲೇ ಸಿಗುತ್ತವೆ.