ನಿಕಾನ್ ಜೆಡ್ 6 (ಮೂರನೆಯ ಮಾದರಿ)

ನಿಕಾನ್ ಜೆಡ್ 6 ಶ್ರೇಣಿಯ ಮೂರನೆಯ ಮಾದರಿಯು ಜಪಾನಿನ ನಿಕಾನ್ ಸಂಸ್ಥೆ 2024ರ ಜೂನ್ 17ರಂದು ಪ್ರಕಟಿಸಿದ ಮಿರರ್‌ಲೆಸ್ ಕ್ಯಾಮೆರಾ, ಎಂದರೆ ಒಳಗೆ ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾ. ಇದರ ಹಿಂದಿನ ಮಾದರಿಗಳು 2018 ಮತ್ತು 2020ರಲ್ಲಿ ಬಂದವು. ಇದರ ಸಂವೇದಕವು 24.5 ಮೆಗಾಪಿಕ್ಸೆಲ್‌ನದು, ಬ್ಯಾಟರಿ ಮತ್ತು ಕಾರ್ಡ್ ಸೇರಿ ತೂಕ ಸುಮಾರು 760 ಗ್ರಾಂ.

ಹಿನ್ನೆಲೆ

ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಮಸೂರದ ಹಿಂದಿರುವ ಕನ್ನಡಿಯು ಬೆಳಕನ್ನು ಮೇಲಿನ ದರ್ಶಕಕ್ಕೆ ತಿರುಗಿಸುತ್ತದೆ. ಗುಂಡಿ ಒತ್ತಿದಾಗ ಮೇಲಕ್ಕೆ ಸರಿಯುತ್ತದೆ. ಅದಕ್ಕೆ ಜಾಗ ಬೇಕಾದುದರಿಂದ ನಿಕಾನ್‌ನ ಹಳೆಯ ಎಫ್ ಮೌಂಟ್‌ನಲ್ಲಿ ಮೌಂಟ್‌ನಿಂದ ಸಂವೇದಕಕ್ಕೆ 46.5 ಮಿ.ಮೀ. ಅಂತರವಿತ್ತು. ಕನ್ನಡಿಯನ್ನು ತೆಗೆದುಹಾಕಿದ ಜೆಡ್ ಮೌಂಟ್‌ನಲ್ಲಿ ಅದು 16 ಮಿ.ಮೀ.ಗೆ ಇಳಿದಿದೆ. ಮಸೂರ ರಚಿಸುವವರಿಗೆ ಇದು ದೊಡ್ಡ ಅನುಕೂಲ. ಆದರೆ ಕನ್ನಡಿ ಮಾಡುತ್ತಿದ್ದ ಕೆಲಸವೆಲ್ಲ ಸಂವೇದಕದ ಮತ್ತು ವಿದ್ಯುತ್ತಿನ ಪಾಲಿಗೆ ಬಂದಿತು.

ಸಂವೇದಕದಲ್ಲಿನ ಹೊಂದಾಣಿಕೆ

ಸಂವೇದಕವು ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ಓದು ನಿಧಾನವಾದರೆ ವೇಗವಾಗಿ ಚಲಿಸುವ ವಸ್ತು ಓರೆಯಾಗಿ ಮೂಡುತ್ತದೆ. ನಿಕಾನ್‌ನ ಜೆಡ್ 9 (2021) ಮತ್ತು ಜೆಡ್ 8 (2023) ಕ್ಯಾಮೆರಾಗಳು ಮಂಡಲಗಳನ್ನು ಪದರವಾಗಿ ಜೋಡಿಸಿದ ಸಂವೇದಕದಿಂದ ಈ ದೋಷವನ್ನು ಬಹುಮಟ್ಟಿಗೆ ನೀಗಿ, ಯಾಂತ್ರಿಕ ಶಟರನ್ನೇ ಕೈಬಿಟ್ಟವು. ಅಂತಹ ಸಂವೇದಕ ದುಬಾರಿ. ಜೆಡ್ 6ರ ಮೂರನೆಯ ಮಾದರಿಯಲ್ಲಿ ಮಧ್ಯಮ ಮಾರ್ಗ ಹಿಡಿಯಲಾಗಿದೆ: ವೇಗದ ಮಂಡಲಗಳನ್ನು ಚಿತ್ರ ಮೂಡುವ ಭಾಗದ ಮೇಲಂಚು ಮತ್ತು ಕೆಳಅಂಚಿನಲ್ಲಿ ಮಾತ್ರ ಇರಿಸಲಾಗಿದೆ. ಓದಿನ ವೇಗ ಎರಡನೆಯ ಮಾದರಿಗಿಂತ ಸುಮಾರು 3.5 ಪಟ್ಟು ಎಂದು ಸಂಸ್ಥೆ ಹೇಳುತ್ತದೆ. ಅದು ಜೆಡ್ 8ರಷ್ಟು ವೇಗವಲ್ಲದ ಕಾರಣ ಯಾಂತ್ರಿಕ ಶಟರನ್ನು ಉಳಿಸಿಕೊಳ್ಳಬೇಕಾಯಿತು.

ಇದಕ್ಕೆ ತೆತ್ತ ಬೆಲೆ ನೆರಳಿನಲ್ಲಿ ಕಾಣುತ್ತದೆ. ಕಡಿಮೆ ಐಎಸ್‌ಒದಲ್ಲಿ ತೆಗೆದ ಚಿತ್ರದ ಕಪ್ಪು ಭಾಗಗಳನ್ನು ಆಮೇಲೆ ಬೆಳಗಿಸಿದರೆ, ಹಿಂದಿನ ಮಾದರಿಗಿಂತ ಹೆಚ್ಚು ಗದ್ದಲದ ಚುಕ್ಕೆಗಳು ತೋರುತ್ತವೆ. ಹೆಚ್ಚಿನ ಐಎಸ್‌ಒದಲ್ಲಿ ಈ ಅಂತರ ಬಹುತೇಕ ಇಲ್ಲ.

ಬೀದರ ಜಿಲ್ಲೆಯ ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯಲ್ಲಿರುವ ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯದ ಹೊರಗೋಡೆಗಳ ಮೇಲೆ ಮದನಿಕೆಯರ ಶಿಲ್ಪಗಳಿವೆ. ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತಿರುವ ಸುಂದರಿಯ ಶಿಲ್ಪ ಅವುಗಳಲ್ಲಿ ಪ್ರಸಿದ್ಧ. ನಡುಹಗಲಿನ ಬಿಸಿಲಿನಲ್ಲಿ ಇಂತಹ ಉಬ್ಬುಶಿಲ್ಪದ ಮುಂಭಾಗ ಹೊಳೆಯುತ್ತದೆ, ತೋಳಿನ ಕೆಳಗಿನ ಕೆತ್ತನೆ ಕತ್ತಲೆಗೆ ಸರಿಯುತ್ತದೆ. ಹೊಸ ಸಂವೇದಕದ ದೌರ್ಬಲ್ಯ ಕಾಣಿಸುವುದು ಇಲ್ಲಿಯೇ. ಆದರೆ ಶಿಲೆ ಕದಲುವುದಿಲ್ಲ. ಮುಕ್ಕಾಲಿಯ ಮೇಲೆ ಬೇರೆ ಬೇರೆ ಎಕ್ಸ್‌ಪೋಷರ್‌ನ ಎರಡು ಮೂರು ಚಿತ್ರಗಳನ್ನು ತೆಗೆದು ಒಂದುಗೂಡಿಸಬಹುದು. ಓರೆ ಬೆಳಕು ಬೀಳುವ ಹೊತ್ತನ್ನು ಕಾಯಬಹುದು. ಶಾಸನ, ಶಿಲ್ಪಗಳನ್ನಷ್ಟೇ ದಾಖಲಿಸುವ ವಿದ್ಯಾರ್ಥಿಗೆ ಈ ವೇಗದಿಂದ ಪ್ರಯೋಜನ ಅಲ್ಪ. ಕಡಿಮೆ ಬೆಲೆಗೆ ಸಿಗುವ ಹಿಂದಿನ ಮಾದರಿಯೇ ಸಾಕು. ಹುಮನಾಬಾದದ ವೀರಭದ್ರೇಶ್ವರ ರಥೋತ್ಸವವನ್ನೋ ಬಸವಕಲ್ಯಾಣದ ಬಸವ ಜಯಂತಿಯ ಮೆರವಣಿಗೆಯನ್ನೋ ಚಿತ್ರಿಸುವವರ ಲೆಕ್ಕ ಬೇರೆ.

ದರ್ಶಕ ಮತ್ತು ಬ್ಯಾಟರಿ

ವಿದ್ಯುನ್ಮಾನ ದರ್ಶಕದ ಪ್ರಕಾಶ ಚದರ ಮೀಟರಿಗೆ 4000 ಕ್ಯಾಂಡೆಲಾದವರೆಗೆ ಏರುತ್ತದೆ. ಈ ಸೀಮೆಯ ಬೇಸಿಗೆಯ ಬಿಸಿಲಿಗೆ ಇದು ಆಡಂಬರವಲ್ಲ. ಆದರೆ ದರ್ಶಕ ಬಳಸಿದರೆ ಒಂದು ಬ್ಯಾಟರಿಗೆ ಪ್ರಮಾಣಿತ ಎಣಿಕೆಯಲ್ಲಿ ಸುಮಾರು 360 ಚಿತ್ರಗಳು ಮಾತ್ರ. ಕನ್ನಡಿಯಿದ್ದ ನಿಕಾನ್ ಡಿ750 (2014) ಅದೇ ಬಗೆಯ ಎಣಿಕೆಯಲ್ಲಿ 1230 ಚಿತ್ರಗಳನ್ನು ನೀಡುತ್ತಿತ್ತು. ಇಡೀ ದಿನದ ಮದುವೆಯನ್ನು ಚಿತ್ರಿಸುವವರು ಹೆಚ್ಚುವರಿ ಬ್ಯಾಟರಿಗಳ ಖರ್ಚನ್ನು ಕ್ಯಾಮೆರಾದ ಬೆಲೆಯಲ್ಲೇ ಸೇರಿಸಿಕೊಳ್ಳುವುದು ಒಳಿತು.

ಹಳೆಯ ಮಸೂರಗಳು

ಎಫ್ ಮೌಂಟ್‌ನ ಮಸೂರಗಳನ್ನು ಎಫ್‌ಟಿಜೆಡ್ ಅಡಾಪ್ಟರ್ ಮೂಲಕ ಜೋಡಿಸಬಹುದು. ಆದರೆ ಎಎಫ್-ಡಿ ಮಸೂರಗಳಿಗೆ ಸ್ವಂತ ಮೋಟಾರು ಇಲ್ಲ. ಅವನ್ನು ತಿರುಗಿಸುತ್ತಿದ್ದ ಮೋಟಾರು ಕ್ಯಾಮೆರಾದ ಒಡಲಿನಲ್ಲಿತ್ತು. ಅದು ಈ ಕ್ಯಾಮೆರಾದಲ್ಲಾಗಲಿ ಅಡಾಪ್ಟರ್‌ನಲ್ಲಾಗಲಿ ಇಲ್ಲದುದರಿಂದ, ಸ್ಟುಡಿಯೋಗಳಲ್ಲಿ ಪ್ರಚಲಿತವಾಗಿದ್ದ 50 ಮಿ.ಮೀ. ಎಎಫ್-ಡಿಯಂತಹ ಮಸೂರದಲ್ಲಿ ಫೋಕಸನ್ನು ಕೈಯಿಂದಲೇ ಹೊಂದಿಸಬೇಕಾಗುತ್ತದೆ.