ಎರಡನೇ ಬೆಳೆಯ ಪ್ರೋಟೀನ್: ಗುಂಡ್ಲುಪೇಟೆ ಸೀಮೆಯ ಹುರುಳಿ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆಯುವುದು ಹಳೆಯ ವಾಡಿಕೆ. ಪಶ್ಚಿಮಘಟ್ಟ ಮತ್ತು ನೀಲಗಿರಿಯ ಮಳೆನೆರಳಿನಲ್ಲಿರುವ ಈ ಸೀಮೆಗೆ ಮಳೆ ಎರಡು ಕಂತಿನಲ್ಲಿ ಬರುತ್ತದೆ. ಏಪ್ರಿಲ್–ಮೇ ತಿಂಗಳ ಮಳೆಗೆ ಸೂರ್ಯಕಾಂತಿ, ಎಳ್ಳು, ಅಲಸಂದೆ, ಹೆಸರು, ಜೋಳ ಬಿತ್ತುತ್ತಾರೆ. ಆ ಬೆಳೆ ಕಟಾವಾದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ ಹುಬ್ಬೆ, ಉತ್ತರೆ ಮಳೆ ಹಿಡಿದಾಗ ಅದೇ ಹೊಲವನ್ನು ಉತ್ತು ಹುರುಳಿ ಚೆಲ್ಲುತ್ತಾರೆ. ಅದಕ್ಕೆ ನೀರು ಹಾಯಿಸುವವರಿಲ್ಲ, ಚೀಲಗಟ್ಟಲೆ ಗೊಬ್ಬರ ಸುರಿಯುವವರಿಲ್ಲ. ಮೂರೂವರೆ ತಿಂಗಳೊಳಗೆ ಬೆಳೆ ಕೈಗೆ ಬರುತ್ತದೆ. ಮುಂದಿನ ತಲೆಮಾರಿಗೆ ಬೇಕಾದ ಪ್ರೋಟೀನ್ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಉತ್ತರದ ಒಂದು ದೊಡ್ಡ ಪಾಲು ಇಂಥ ಎರಡನೇ ಬೆಳೆಯಲ್ಲಿದೆ.

ಪ್ರಶ್ನೆ ಜಗತ್ತಿನದು. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ 2050ರ ಸುಮಾರಿಗೆ ಭೂಮಿಯ ಜನಸಂಖ್ಯೆ 970 ಕೋಟಿ ತಲುಪುತ್ತದೆ. ಜನರ ಜೊತೆಗೆ ವರಮಾನವೂ ಬೆಳೆಯುತ್ತಿದೆ, ವರಮಾನ ಬೆಳೆದಲ್ಲೆಲ್ಲ ಹಾಲು, ಮೊಟ್ಟೆ, ಮಾಂಸದ ಬೇಡಿಕೆ ಏರುತ್ತದೆ. ಅವೆಲ್ಲ ಒಳ್ಳೆಯ ಪ್ರೋಟೀನ್. ಆದರೆ ಅವಕ್ಕೆ ಭೂಮಿ ತೆರುವ ಬೆಲೆ ಹೆಚ್ಚು. ಪೂರ್ ಮತ್ತು ನೆಮೆಚೆಕ್ ಎಂಬ ಇಬ್ಬರು ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಜಗತ್ತಿನ ಕೃಷಿಭೂಮಿಯಲ್ಲಿ ಶೇಕಡಾ 83ರಷ್ಟು ಪ್ರಾಣಿಜನ್ಯ ಆಹಾರಕ್ಕೇ ಮೀಸಲು; ಮೇವಿನ ಬೆಳೆ, ಹುಲ್ಲುಗಾವಲು ಎಲ್ಲ ಇದರಲ್ಲಿ ಸೇರಿವೆ. ಅಷ್ಟೂ ನೆಲ ಬಳಸಿ ಸಿಗುವುದು ಮನುಷ್ಯರು ತಿನ್ನುವ ಪ್ರೋಟೀನಿನ ಶೇಕಡಾ 37 ಮಾತ್ರ. ನೂರು ಗ್ರಾಂ ಪ್ರೋಟೀನಿಗೆ ಮಾಂಸಕ್ಕೆಂದೇ ಸಾಕಿದ ದನ ಸರಾಸರಿ 50 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊರಸೂಸಿದರೆ, ಬಟಾಣಿಯಂಥ ಕಾಳು ಅರ್ಧ ಕಿಲೋ ಕೂಡ ದಾಟುವುದಿಲ್ಲ. ಕೋಳಿ ಮತ್ತು ಮೊಟ್ಟೆ ಇವೆರಡರ ನಡುವೆ, ಕಾಳಿನ ಕಡೆಗೆ ಹತ್ತಿರವಾಗಿ ನಿಲ್ಲುತ್ತವೆ.

ಒಬ್ಬ ಮನುಷ್ಯನಿಗೆ ಎಷ್ಟು ಪ್ರೋಟೀನ್ ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿ ಮಾಡಿದಂತೆ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. 65 ಕಿಲೋ ತೂಗುವ ಗಂಡಸಿಗೆ 54 ಗ್ರಾಂ, 55 ಕಿಲೋ ತೂಗುವ ಹೆಂಗಸಿಗೆ ಸುಮಾರು 46 ಗ್ರಾಂ. ಬಸುರಿ, ಬಾಣಂತಿಯರಿಗೆ ಇನ್ನೂ ಹೆಚ್ಚು ಬೇಕು.

ಈ ಸೀಮೆಯ ಊಟಕ್ಕೆ ಇದನ್ನು ಅನ್ವಯಿಸಿ ನೋಡಬಹುದು. ದಿನಕ್ಕೆ 250 ಗ್ರಾಂ ರಾಗಿಹಿಟ್ಟಿನ ಮುದ್ದೆ ಉಂಡರೆ 18 ಗ್ರಾಂ, 150 ಗ್ರಾಂ ಅಕ್ಕಿಯ ಅನ್ನದಿಂದ 12 ಗ್ರಾಂ, ಒಂದು ಲೋಟ ಹಾಲಿನಿಂದ ಆರು ಗ್ರಾಂ ಚಿಲ್ಲರೆ. ಒಟ್ಟು 36. ಗಂಡಸಿನ ಲೆಕ್ಕಕ್ಕೆ ಇನ್ನೂ 18 ಗ್ರಾಂ ಕಡಿಮೆ ಬಿತ್ತು. ಸಾರಿಗೆ 70 ಗ್ರಾಂ ಹುರುಳಿ ಬಿದ್ದರೆ 15 ಗ್ರಾಂ ಸೇರುತ್ತದೆ. ಉಳಿದದ್ದನ್ನು ಸೊಪ್ಪು, ತರಕಾರಿ, ಒಂದು ಹಿಡಿ ಕಡಲೆಕಾಯಿ ತುಂಬಿಸುತ್ತವೆ. ಕಾಳು ತೆಗೆದು ಬರೀ ತಿಳಿಸಾರು ಮಾಡಿದರೆ ಕೊರತೆ ಹಾಗೇ ಉಳಿಯುತ್ತದೆ, ಹೊಟ್ಟೆ ತುಂಬಿರುವುದರಿಂದ ಅದು ಕಾಣಿಸುವುದಿಲ್ಲ.

ಪ್ರಮಾಣದಷ್ಟೇ ಮುಖ್ಯವಾದದ್ದು ಗುಣ. ಪ್ರೋಟೀನ್ ಎಂದರೆ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳ ಸರಪಣಿ. ಅವುಗಳಲ್ಲಿ ಒಂಬತ್ತನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ರಾಗಿ, ಅಕ್ಕಿ, ಜೋಳದಂಥ ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಕಾಳುಗಳಲ್ಲಿ ಅದು ಧಾರಾಳ. ಆದರೆ ಅವುಗಳಲ್ಲಿ ಮೆಥಿಯೋನಿನ್ ಕಡಿಮೆ. ರಾಗಿಯಲ್ಲಿ ಮೆಥಿಯೋನಿನ್ ಚೆನ್ನಾಗಿದೆ. ಮುದ್ದೆ ಮತ್ತು ಹುರುಳಿಸಾರು ಒಂದೇ ತಟ್ಟೆಯಲ್ಲಿ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ನೀಗಿಸುತ್ತದೆ. ಹೊಲದಲ್ಲಿಯೂ ಇದೇ ಜೋಡಿ: ರಾಗಿಯ ಎಂಟು-ಹತ್ತು ಸಾಲಿಗೆ ಎರಡು ಸಾಲು ತೊಗರಿ, ಇಲ್ಲವೇ ನಡುನಡುವೆ ಅವರೆ, ಅಲಸಂದೆ ಹಾಕುವ ಅಕ್ಕಡಿ ಸಾಲಿನ ಪದ್ಧತಿ ಹಳೆ ಮೈಸೂರು ಸೀಮೆಯಲ್ಲಿ ಮನೆಮಾತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡಿಗಳಾದ ಪೋಡುಗಳಲ್ಲೂ ರಾಗಿಯ ಜೊತೆ ಅವರೆ, ಸಾಸಿವೆ ಕಲೆತು ಬೆಳೆಯುತ್ತವೆ.

ಕಾಳುಗಳ ಗುಂಪಿನಲ್ಲಿ ಹುರುಳಿಯ ಸ್ಥಾನ ವಿಶೇಷವಾದದ್ದು. ಇದರಲ್ಲಿ ನೂರಕ್ಕೆ 22 ಗ್ರಾಂ ಪ್ರೋಟೀನಿದೆ, ತೊಗರಿಬೇಳೆಗೆ ಸರಿಸಮ. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ, ಸ್ವಲ್ಪ ಮಣ್ಣಿಗೂ ಉಳಿಸುತ್ತವೆ. ಬಳ್ಳಿ ನೆಲಕ್ಕೆ ಹಬ್ಬಿ ಮುಚ್ಚುವುದರಿಂದ ಹಿಂಗಾರಿನ ಬಿರುಮಳೆಗೆ ಮಣ್ಣು ಕೊಚ್ಚಿಹೋಗುವುದಿಲ್ಲ. ಕೆಂಪು ಜರುಗು ನೆಲವಾದರೂ ಸರಿ, ಬಿತ್ತಿದ ಮೇಲೆ ಎರಡು ಹದ ಮಳೆಯಾದರೂ ಸಾಕು. ಎಕರೆಗೆ ಎರಡೂವರೆ ಕ್ವಿಂಟಾಲ್ ಸಿಕ್ಕಿತೆಂದುಕೊಂಡರೆ ಅದರಲ್ಲಿ ಸುಮಾರು 54 ಕಿಲೋ ಪ್ರೋಟೀನಿರುತ್ತದೆ, ಅಂದರೆ ಒಬ್ಬ ಗಂಡಸಿನ ಸಾವಿರ ದಿನಗಳ ಅಗತ್ಯ. ಅದೂ ಮೊದಲ ಬೆಳೆ ಕೊಯ್ದು ಖಾಲಿ ಬಿದ್ದ ನೆಲದಿಂದ, ಒಂದು ಹನಿ ಬೋರ್‌ವೆಲ್ ನೀರಿಲ್ಲದೆ. ಸುಸ್ಥಿರತೆಯ ಮಾತಾಡುವವರು ಮೊದಲು ನೋಡಬೇಕಾದ ಲೆಕ್ಕ ಇದು.

ಕರ್ನಾಟಕದ ನೆಲಕ್ಕೆ ಹುರುಳಿ ಹೊಸದಲ್ಲ. ಬಳ್ಳಾರಿ ಬಳಿಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಕಲಾದ ಹುರುಳಿ, ಹೆಸರು ಕಾಳುಗಳು ಕಿರುಧಾನ್ಯಗಳ ಜೊತೆ ಸಿಕ್ಕಿವೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಇಲ್ಲಿನ ಬೇಸಾಯಗಾರರ ಊಟ ಧಾನ್ಯ ಮತ್ತು ಕಾಳಿನ ಜೋಡಿಯ ಮೇಲೆ ನಿಂತಿತ್ತು.

ಹುರುಳಿಗೆ ಒಂದು ತೊಡಕಿದೆ. ಪ್ರೋಟೀನನ್ನು ಜೀರ್ಣಿಸುವ ಟ್ರಿಪ್ಸಿನ್ ಕಿಣ್ವಕ್ಕೆ ಅಡ್ಡಿಮಾಡುವ ವಸ್ತುಗಳು ಹಸಿ ಕಾಳಿನಲ್ಲಿವೆ. ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕೂಡ ಇದೆ. ಇದಕ್ಕೆ ಪರಿಹಾರ ಇಲ್ಲಿನ ಅಡುಗೆಮನೆಯಲ್ಲೇ ಇದೆ. ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೆ ಭಾರ ಹೇರಿ ಇಡುತ್ತಾರೆ. ಮಾರನೆಯ ದಿನಕ್ಕೆ ಬಟ್ಟೆಯ ಎಳೆಗಳ ನಡುವಿನಿಂದ ಬಿಳಿ ಮೊಳಕೆ ಇಣುಕಿರುತ್ತದೆ. ಮೊಳಕೆಯೊಡೆದಾಗ ಫೈಟೇಟ್ ಇಳಿಯುತ್ತದೆ, ಬೇಯಿಸಿದಾಗ ಟ್ರಿಪ್ಸಿನ್ ತಡೆಯುವ ವಸ್ತುಗಳು ಬಹುಪಾಲು ನಾಶವಾಗುತ್ತವೆ. ಕಾಳು ಬೇಯಿಸಿ ಬಸಿದ ಕಟ್ಟಿನಿಂದ ಬಸ್ಸಾರು ಅಥವಾ ಉಪ್ಸಾರು, ಬಸಿದ ಕಾಳಿಗೆ ಒಗ್ಗರಣೆ ಹಾಕಿ ಪಲ್ಯ: ಒಂದು ಪಾತ್ರೆಯಿಂದ ಎರಡು ಅಡುಗೆ, ಯಾವುದೂ ಚೆಲ್ಲಿಹೋಗುವುದಿಲ್ಲ. ಕಟ್ಟು ಮಾತ್ರ ಉಂಡು ಕಾಳನ್ನು ದನಕ್ಕೆ ಹಾಕಿದರೆ ಪ್ರೋಟೀನಿನ ಬಹುಪಾಲು ದನಕ್ಕೆ ಹೋದಂತೆ.

ದನಕ್ಕೆ ಹೋಗುವುದೆಲ್ಲ ನಷ್ಟವೆಂದೂ ಅಲ್ಲ. ರಾಗಿಹುಲ್ಲು, ಹುರುಳಿ ಹೊಟ್ಟು, ಸೂರ್ಯಕಾಂತಿಯ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ, ಇವನ್ನು ಮನುಷ್ಯರು ತಿನ್ನಲಾರರು. ಹಸು ಅವನ್ನು ತಿಂದು ಹಾಲು ಕೊಡುತ್ತದೆ. ಮನುಷ್ಯನ ಆಹಾರಕ್ಕೆ ಪೈಪೋಟಿ ಕೊಡದ ಈ ಬಗೆಯ ಹೈನುಗಾರಿಕೆಯನ್ನೂ, ಮುಸುಕಿನ ಜೋಳ, ಸೋಯಾ ಬೆಳೆದು ತಿನ್ನಿಸುವ ದೊಡ್ಡ ಕೈಗಾರಿಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯ ಹಾಲು ಮತ್ತು ಶಾಲೆಗಳಲ್ಲಿ ಕೊಡುವ ಮೊಟ್ಟೆ ಮಕ್ಕಳಿಗೆ ಮಾಡಿರುವ ಉಪಕಾರ ದೊಡ್ಡದು. ಬೆಳೆಯುವ ಮಗುವಿನ ಸಣ್ಣ ಹೊಟ್ಟೆಗೆ ಸ್ವಲ್ಪದರಲ್ಲಿ ಹೆಚ್ಚು ಸತ್ವ ಬೇಕು. ಗುಂಡ್ಲುಪೇಟೆಗೂ ಮೊಟ್ಟೆಗೂ ಇನ್ನೊಂದು ನಂಟಿದೆ. ಇಲ್ಲಿ ಬಣ್ಣ ತೆಗೆಯುವ ಕಾರ್ಖಾನೆಗಳಿಗೆಂದು ಚೆಂಡುಹೂ ಬೆಳೆಯುತ್ತಾರೆ. ಅಂಥ ಹೂವಿನ ಸಾರವನ್ನು ಕೋಳಿ ಆಹಾರಕ್ಕೆ ಬೆರೆಸಿದರೆ ಮೊಟ್ಟೆಯ ಭಂಡಾರಕ್ಕೆ ಗಾಢ ಹಳದಿ ಬರುತ್ತದೆ. ಹೀಗೆ ಇಲ್ಲಿನ ಹೊಲ ದೂರದ ಕೋಳಿ ಫಾರಂಗೂ ದುಡಿಯುತ್ತದೆ.

ಪ್ರಾಣಿ ಸಾಕಣೆ ಹಿಗ್ಗಿದಾಗ ಏನಾಗುತ್ತದೆ ಎಂಬುದಕ್ಕೆ ನಿದರ್ಶನ ಬಂಡೀಪುರದ ಅಂಚಿನಲ್ಲಿದೆ. ವನ್ಯಜೀವಿ ವಿಜ್ಞಾನಿ ಎಂ.ಡಿ. ಮಧುಸೂದನ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಬಿಡಿಸಿಟ್ಟಿದೆ. 1990ರ ದಶಕದಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂದಾಗ ಕಾಫಿ ಸೀಮೆಯ ತೋಟಗಳಲ್ಲಿ ಸಗಣಿ ಗೊಬ್ಬರಕ್ಕೆ ಬೇಡಿಕೆ ಏರಿತು. ಕಾಡಂಚಿನ ಹಳ್ಳಿಗಳ ಸಗಣಿ ಲಾರಿ ಹತ್ತಿತು. ಅದುವರೆಗೆ ಸ್ವಂತ ಹೊಲಕ್ಕೆ ಬೀಳುತ್ತಿದ್ದದ್ದು ಮಾರುವ ಸರಕಾಯಿತು, ದನಗಳ ಸಂಖ್ಯೆ ಹೆಚ್ಚಿತು, ಅವು ಮೇಯಲು ಹೋದದ್ದು ಜಿಂಕೆ, ಕಾಟಿಗಳು ಮೇಯುವ ಕಾಡಿಗೆ. ಎಲ್ಲೋ ದೂರದ ಮಾರುಕಟ್ಟೆಯ ಬೆಲೆ ಇಲ್ಲಿನ ಹುಲಿ ಸಂರಕ್ಷಿತ ಪ್ರದೇಶದ ಹುಲ್ಲನ್ನು ತಿಂದಿತು. ಮೇವಿನ ಮೂಲ ಯಾವುದು ಎಂದು ಕೇಳದೆ ದನ ಹೆಚ್ಚಿಸುವ ಯಾವ ಯೋಜನೆಗೂ ಈ ಪಾಠ ಅನ್ವಯಿಸುತ್ತದೆ.

ಸಸ್ಯ ಪ್ರೋಟೀನನ್ನು ಕಾರ್ಖಾನೆಯಲ್ಲಿ ರೂಪಿಸುವ ಯತ್ನವೂ ಈ ಸೀಮೆಗೆ ಹತ್ತಿರದಲ್ಲೇ ನಡೆದಿದೆ. ಗುಂಡ್ಲುಪೇಟೆಯಿಂದ 60 ಕಿಲೋಮೀಟರ್ ಆಚೆ, ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ 1950ರಲ್ಲಿ ಆರಂಭವಾಯಿತು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಬೆರೆಸಿ, ಜೀವಸತ್ವ ಮತ್ತು ಸುಣ್ಣದಂಶ ಕೂಡಿಸಿ ಅದು ‘ವಿವಿಧೋದ್ದೇಶ ಆಹಾರ’ ತಯಾರಿಸಿತು. ಕಡಲೆಕಾಯಿ ಪ್ರೋಟೀನನ್ನು ಎಮ್ಮೆಹಾಲಿಗೆ ಬೆರೆಸಿ ‘ಮಿಲ್ಟೋನ್’ ರೂಪಿಸಿತು. ಜಗತ್ತಿನಲ್ಲಿ ಪ್ರೋಟೀನ್ ಬರಗಾಲ ಬರಲಿದೆ ಎಂದು 1968ರಲ್ಲಿ ವಿಶ್ವಸಂಸ್ಥೆಯ ವರದಿ ಎಚ್ಚರಿಸಿದ ಕಾಲ ಅದು. ಆಗ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಬೇರೆಯೇ ಮಾತು ಹೇಳಿದರು: ಬಡವರಿಗೆ ಒಟ್ಟು ಊಟವೇ ಸಾಲದಿರುವಾಗ ತಿಂದ ಪ್ರೋಟೀನನ್ನೂ ದೇಹ ಶಕ್ತಿಗಾಗಿ ಉರಿಸಿಬಿಡುತ್ತದೆ, ಮೊದಲು ಹೊಟ್ಟೆ ತುಂಬಬೇಕು. ಇಂದು ಅಕ್ಕಿಯಿಂದ ಹೊಟ್ಟೆ ತುಂಬುವುದು ಸಾಧ್ಯವಾಗಿದೆ, ಕಾಳಿನ ಕೊರತೆ ಉಳಿದಿದೆ. ಸಿಂಗಪುರ 2020ರಲ್ಲಿ ಒಪ್ಪಿಗೆ ಕೊಟ್ಟ ಜೀವಕೋಶ ಬೆಳೆಸಿ ಮಾಡಿದ ಕೋಳಿಮಾಂಸಕ್ಕಾಗಲಿ, ಸ್ಪಿರುಲಿನಾ ಪಾಚಿಗಾಗಲಿ ತಮ್ಮದೇ ಜಾಗ ಇರಬಹುದು. ಹನೂರು, ಗುಂಡ್ಲುಪೇಟೆಯ ಕೂಲಿಕಾರರ ಊಟಕ್ಕೆ ಕೈಗೆಟುಕುವ ಬೆಲೆಯಲ್ಲಿ ಬರುವುದು ಕಾಳು.

ಹೀಗಿದ್ದೂ ದೇಶದ ಕಾಳಿನ ಚರಿತ್ರೆ ಇಳಿಮುಖದ್ದು. 1951ರಲ್ಲಿ ತಲಾ ದಿನಕ್ಕೆ ಸುಮಾರು 61 ಗ್ರಾಂ ಸಿಗುತ್ತಿದ್ದ ಬೇಳೆಕಾಳು 2001ರ ಹೊತ್ತಿಗೆ 30 ಗ್ರಾಂಗೆ ಇಳಿಯಿತು. ಆಮೇಲೆ ಚೇತರಿಸಿಕೊಂಡರೂ ಹಳೆಯ ಮಟ್ಟ ಮುಟ್ಟಿಲ್ಲ. ಹಸಿರು ಕ್ರಾಂತಿ ಭತ್ತ, ಗೋಧಿಗೆ ನೀರು, ಗೊಬ್ಬರ, ಖಾತರಿ ಬೆಲೆ ಕೊಟ್ಟಿತು. ಕಾಳು ಮಳೆನೆಲಕ್ಕೆ ಸರಿಯಿತು. ಜಗತ್ತಿನಲ್ಲೇ ಅತಿಹೆಚ್ಚು ಕಾಳು ಬೆಳೆಯುವ ಭಾರತ, ಇಂದು ಕೆನಡಾ, ಮ್ಯಾನ್ಮಾರ್, ಮೊಜಾಂಬಿಕ್‌ಗಳಿಂದ ಕಾಳು ತರಿಸಿಕೊಳ್ಳುತ್ತಿದೆ.

ಗುಂಡ್ಲುಪೇಟೆಯಲ್ಲಿ ಮಳೆನೆಲವೇ ಕಿರಿದಾಗುತ್ತಿದೆ. ಬೋರ್‌ವೆಲ್ ಬಂದಲ್ಲಿ ಕೇರಳದ ಮಾರುಕಟ್ಟೆಗಾಗಿ ಬಾಳೆ, ಟೊಮೆಟೊ, ಸಣ್ಣ ಈರುಳ್ಳಿ ಬಂದವು, ಅರಿಸಿನವೂ ಬಂತು. ಹಣ ಕಂಡ ರೈತರನ್ನು ಯಾರೂ ದೂರುವಂತಿಲ್ಲ. ಆದರೆ ಅಂತರ್ಜಲವನ್ನು ಮಿತಿಮೀರಿ ಎತ್ತಿದ ತಾಲ್ಲೂಕುಗಳ ಪಟ್ಟಿಗೆ ಗುಂಡ್ಲುಪೇಟೆ ಸೇರಿದ್ದೂ ಇದೇ ಹಾದಿಯಲ್ಲಿ. ಹುರುಳಿ ಬೆಳೆದವರ ಪಾಡು ಬೇರೆ. ಜನವರಿ ಹೊತ್ತಿಗೆ ಈ ಕಡೆಯ ರಸ್ತೆಗಳ ಮೇಲೆ ಕಿತ್ತ ಹುರುಳಿ ಗಿಡ ಹರಡಿರುತ್ತದೆ. ಬಸ್ಸು, ಲಾರಿ ಹಾದು ಕಾಳು ಉದುರುತ್ತದೆ, ಸಂಜೆಗೆ ಹೆಂಗಸರು ಹೊಟ್ಟು ತೂರಿ, ಕಲ್ಲು ಆರಿಸಿ ಚೀಲಕ್ಕೆ ತುಂಬುತ್ತಾರೆ. ಕಣ ಮಾಡಲು ಆಳಿಲ್ಲ, ಒಕ್ಕಣೆ ಯಂತ್ರದ ಬಾಡಿಗೆ ಬೆಳೆಯ ಬೆಲೆಗೆ ಹೊಂದುವುದಿಲ್ಲ. ಬೈಕು ಜಾರುತ್ತದೆ; ಕಾರಿನ ಅಡಿಗೆ ಗಿಡ ಸುತ್ತಿಕೊಂಡು ಬೆಂಕಿ ಹತ್ತಿದ್ದೂ ಉಂಟು. ಊರಿಗೊಂದು ಕಾಂಕ್ರೀಟ್ ಕಣವಿದ್ದರೆ ತಪ್ಪುವ ಅನಾಹುತ ಇದು.

ಬೆಲೆಯ ವಿಷಯ ಇನ್ನೂ ಮುಖ್ಯವಾದದ್ದು. ಕೇಂದ್ರ ಸರ್ಕಾರ ಕನಿಷ್ಠ ಬೆಂಬಲ ಬೆಲೆ ಘೋಷಿಸುವ ಕಾಳುಗಳು ಐದು: ತೊಗರಿ, ಹೆಸರು, ಉದ್ದು, ಕಡಲೆ, ಚನ್ನಂಗಿ. ಹುರುಳಿ, ಅವರೆ, ಅಲಸಂದೆಗಳಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. 2025ರ ಅಕ್ಟೋಬರಿನಲ್ಲಿ ₹11,440 ಕೋಟಿಯ ಬೇಳೆಕಾಳು ಸ್ವಾವಲಂಬನೆ ಅಭಿಯಾನ ಆರಂಭವಾದಾಗಲೂ ಒತ್ತು ಬಿದ್ದದ್ದು ತೊಗರಿ, ಉದ್ದು, ಚನ್ನಂಗಿಯ ಮೇಲೆ. ದೇಶದಲ್ಲಿ ಹುರುಳಿ ಬೆಳೆಯುವುದರಲ್ಲಿ ಕರ್ನಾಟಕ ಮುಂಚೂಣಿಯಲ್ಲಿದೆ. ಈ ಬೆಳೆಯ ಪರವಾಗಿ ಮಾತಾಡಬೇಕಾದ ರಾಜ್ಯ ಇದೇ.

ಇಳುವರಿ ಹೆಚ್ಚಿಸುವ ಕೆಲಸ ನಡೆದಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಪಿಎಚ್‌ಜಿ-9 ತಳಿ ಬಹುಕಾಲದಿಂದ ಬಳಕೆಯಲ್ಲಿದೆ, ಚಾಮರಾಜನಗರ ಬಳಿಯ ಹರದನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಒಟ್ಟಿಗೆ ಮಾಗುವ, ನೆಟ್ಟಗೆ ನಿಂತು ಯಂತ್ರದ ಕೊಯ್ಲಿಗೆ ಒಗ್ಗುವ, ಹಳದಿ ನಂಜುರೋಗ ತಡೆಯುವ ತಳಿ ರೈತರಿಗೆ ಬೇಕು. ಮಾರುಕಟ್ಟೆಗೆ ದಾರಿ ಈಗಾಗಲೇ ಇದೆ. ದಕ್ಷಿಣದ ಜಿಲ್ಲೆಗಳಲ್ಲಿ ಸರ್ಕಾರ ಬೆಂಬಲ ಬೆಲೆಗೆ ರಾಗಿ ಕೊಂಡು ಪಡಿತರದಲ್ಲಿ ಹಂಚುತ್ತದೆ. ಅದೇ ಚೀಲ, ಅದೇ ಗೋದಾಮು, ಅದೇ ನ್ಯಾಯಬೆಲೆ ಅಂಗಡಿಯ ಮೂಲಕ ತಿಂಗಳಿಗೆ ಮನೆಗೆ ಎರಡು ಕಿಲೋ ಹುರುಳಿಯನ್ನೂ ಕೊಡಬಹುದು. ಅಂಗನವಾಡಿ, ಹಾಸ್ಟೆಲುಗಳ ಸಾರಿಗೆ ಮೊಳಕೆಕಾಳು ಸೇರಿಸಬಹುದು. ಖರೀದಿ ಕೇಂದ್ರ ತೆರೆಯಬೇಕಾದದ್ದು ಒಕ್ಕಣೆ ಮುಗಿಯುವ ಜನವರಿ–ಫೆಬ್ರವರಿಯಲ್ಲೇ. ಸಣ್ಣ ರೈತರು ಸಾಲ ತೀರಿಸಲು ಕಾಳನ್ನು ದಲ್ಲಾಳಿಗೆ ಹಾಕುವುದು ಆ ಎರಡು ತಿಂಗಳಲ್ಲಿ. ಮಾರ್ಚಿಗೆ ಕೇಂದ್ರ ತೆರೆದರೆ ತಕ್ಕಡಿಗೆ ಬರುವುದು ವರ್ತಕರ ಚೀಲ.