ಉಗ್ರಾಣಿಗೆ ಕೊಡುವ ಚೀಟಿ

‘ಕೊಟ್ಟನು’ ಎಂದಷ್ಟೇ ಹೇಳಿ ಸುಮ್ಮನಾದರೆ ಕೇಳುವವರ ಮನಸ್ಸು ತಣಿಯದು. ಯಾರು? ಏನನ್ನು? ಯಾರಿಗೆ? ಕ್ರಿಯಾಪದದ ಈ ಹಸಿವನ್ನು ನಮ್ಮ ಶಾಸ್ತ್ರಕಾರರು ಆಕಾಂಕ್ಷೆ ಎಂದರು. ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವವರಲ್ಲಿಯೂ ಇಂಥ ವ್ಯವಹಾರ ಉಂಟೆಂದು ನನಗೆ ತಿಳಿಸಿದವನು, ಆ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿ.

ಪ್ರೋಗ್ರಾಮಿನೊಳಗೆ ಒಂದೊಂದು ಕೆಲಸಕ್ಕೂ ಒಂದೊಂದು ವಸ್ತು. ಅದನ್ನು ಹುಟ್ಟಿಸುವ ಭಾಗಕ್ಕೆ ಕನ್‌ಸ್ಟ್ರಕ್ಟರ್ ಎಂದು ಹೆಸರು. ಪತ್ರ ರವಾನಿಸುವ ವಸ್ತು ಹುಟ್ಟಬೇಕಾದರೆ ದಿನಚರಿ ಬರೆಯುವ ಇನ್ನೊಂದು ವಸ್ತು ಬೇಕು. ಅಂಚೆಯಂತ್ರದ ವಿಳಾಸವೂ ಬೇಕು. ಇವನ್ನು ಹೊರಗಿನಿಂದ ಒದಗಿಸುವ ಪದ್ಧತಿಯೇ ಡಿಪೆಂಡೆನ್ಸಿ ಇಂಜೆಕ್ಷನ್. ಮಾರ್ಟಿನ್ ಫೌಲರ್ ಎಂಬವರು 2004ರಲ್ಲಿ ಬರೆದ ಲೇಖನದಿಂದ ಈ ಹೆಸರು ಬಳಕೆಯಲ್ಲಿ ನೆಲೆಗೊಂಡಿತು. ಮದುವೆಮನೆಯ ಉಗ್ರಾಣಿಯನ್ನು ನೆನೆದುಕೊಳ್ಳಿ. ಅಡಿಗೆಯವರು ಅಂಗಡಿಗೆ ಓಡುವುದಿಲ್ಲ. ಬೇಕಾದುದನ್ನು ಅವನು ಅಳೆದು ಕೊಡುತ್ತಾನೆ. ಇಲ್ಲಿ ಉಗ್ರಾಣಿಯ ಹೆಸರು ಕಂಟೈನರ್.

‘ಇಂಥದು ಕೇಳಿದರೆ ಇಂಥದನ್ನು ಕೊಡು’ ಎಂದು ಅವನಿಗೆ ಮೊದಲೇ ಬರೆದುಕೊಡುವ ಚೀಟಿ ಬೈಂಡಿಂಗ್. ವಸ್ತುಗಳಾದರೆ ಬಗೆ ನೋಡಿ ಅವನೇ ಕೊಟ್ಟಾನು. ತೊಡಕಿರುವುದು ಬಿಡಿ ಬೆಲೆಗಳಲ್ಲಿ. ವಿಳಾಸವೂ ಅಕ್ಷರಗಳ ಸಾಲು, ಗುಪ್ತಪದವೂ ಅಕ್ಷರಗಳ ಸಾಲು. ಬಗೆಯೊಂದನ್ನೇ ನೋಡಿ ಯಾವುದೆಂದು ಅರಿಯುವುದು ಹೇಗೆ? ಆದ್ದರಿಂದ ಚೀಟಿಯಲ್ಲಿಯೇ ಬೆಲೆಯನ್ನೂ ಬರೆಯಬೇಕು. ಸಿ ಶಾರ್ಪ್ ಭಾಷೆಯವರ ನಿಂಜೆಕ್ಟ್ ಎಂಬ ಸಲಕರಣೆಯಲ್ಲಿ ಇದಕ್ಕೆ ‘ವಿತ್ ಕನ್‌ಸ್ಟ್ರಕ್ಟರ್ ಆರ್ಗ್ಯುಮೆಂಟ್’ ಎಂಬ ಮಾತುಂಟು: ಬೇಡಿಕೆಯ ಹೆಸರು, ಅದರ ಮುಂದೆ ಬೆಲೆ. ನಮ್ಮ ವಿಭಕ್ತಿಪ್ರತ್ಯಯದ ಕೆಲಸವನ್ನೇ ಆ ಹೆಸರು ಮಾಡುತ್ತದೆ. ‘ರಾಮನಿಗೆ ಹಣ್ಣನ್ನು’ ಎಂದರೂ ‘ಹಣ್ಣನ್ನು ರಾಮನಿಗೆ’ ಎಂದರೂ ಅರ್ಥ ಕೆಡದಲ್ಲವೆ?

ಆದರೆ ಆ ಹೆಸರು ಉದ್ಧರಣ ಚಿಹ್ನೆಯೊಳಗಿನ ಬರಿಯ ಅಕ್ಷರ. ನನ್ನ ವಿದ್ಯಾರ್ಥಿ ಒಂದು ಸಂಜೆ, ಸ್ಪಷ್ಟವಾಗಲೆಂದು, ಕನ್‌ಸ್ಟ್ರಕ್ಟರಿನಲ್ಲಿ ಹೆಸರನ್ನು ತಿದ್ದಿದ. ಚೀಟಿಯಲ್ಲಿ ತಿದ್ದಲು ಮರೆತ. ಬರೆದುದನ್ನು ಪರೀಕ್ಷಿಸಿ ಯಂತ್ರಕ್ಕೆ ಸಿದ್ಧಪಡಿಸುವ ಕಂಪೈಲರ್ ಚಕಾರವೆತ್ತಲಿಲ್ಲ. ಪ್ರೋಗ್ರಾಮು ಓಡತೊಡಗಿ, ಆ ವಸ್ತು ಹುಟ್ಟಬೇಕಾದ ಗಳಿಗೆಯಲ್ಲಿ ಎಲ್ಲವೂ ನಿಂತಿತು. ಬೆಳಗಿನ ಜಾವದವರೆಗೆ ಹುಡುಗ ಮನೆ ಸೇರಲಿಲ್ಲವಂತೆ. ಒಂದು ಅಕ್ಷರ ತಪ್ಪಿದರೆ ಏನು ಮಹಾ ಎಂದು ನನ್ನ ತರಗತಿಯಲ್ಲಿ ವಾದಿಸುತ್ತಿದ್ದವನು ಅವನೇ!

ಈಗ ಅವನು ವಿಳಾಸ, ಗುಪ್ತಪದಗಳನ್ನು ‘ಅಂಚೆಯ ಏರ್ಪಾಡು’ ಎಂಬ ತನ್ನದೇ ಬಗೆಯ ಒಂದು ಪುಟ್ಟ ವಸ್ತುವಿನಲ್ಲಿ ತುಂಬಿ, ಅದನ್ನೇ ಉಗ್ರಾಣಿಗೆ ಒಪ್ಪಿಸುತ್ತಾನೆ. ಹೆಸರು ತಪ್ಪಿದರೆ ಕಂಪೈಲರೇ ಕೂಡಲೆ ತಡೆಯುತ್ತದೆ.